ಮೇಜಿನ ಆಚೆ ಕೂತವನಿಗೆ ಏನು ಬೇಕು

ಇಂಗ್ಲಿಷಿನಲ್ಲಿ ಪ್ರೆಸೆಂಟೇಷನ್ ಕೊಡಬೇಕು ಅಂದ ಕೂಡಲೇ ನಮ್ಮ ಕಡೆಯ ಹುಡುಗರು ಕೇಳುವ ಮೊದಲ ಪ್ರಶ್ನೆ, "ಗ್ರಾಮರ್‌ಗೆ ಯಾವ ಬುಕ್ ಒಳ್ಳೇದು ಸಾರ್?" ಹುಡುಗಿಯರು ಕೇಳುವುದು ಇನ್ನೊಂದು, "ಆಕ್ಸೆಂಟ್ ಸರಿ ಮಾಡ್ಕೊಳ್ಳೋಕೆ ಎಷ್ಟು ತಿಂಗಳು ಬೇಕು?" ಎರಡಕ್ಕೂ ನನ್ನದು ಒಂದೇ ಉತ್ತರ: ಅದು ಆಮೇಲೆ ನೋಡೋಣ, ಎದುರಿಗೆ ಕೂತವನಿಗೆ ಏನು ಬೇಕು ಅನ್ನೋದನ್ನ ಮೊದಲು ತಿಳ್ಕೊಳ್ಳಿ.

ಈ ಮಾತು ಹೇಳಲು ನನಗಿರುವ ಯೋಗ್ಯತೆ ಇಷ್ಟೇ. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದೆ. ಚಿತ್ರದುರ್ಗದಲ್ಲಿ ಡಿಗ್ರಿ ಮುಗಿಸಿ ಬ್ಯಾಂಕ್ ಸೇರಿದೆ. ನೌಕರಿಯ ಹೆಚ್ಚಿನ ಭಾಗ ಸಾಲದ ವಿಭಾಗದಲ್ಲೇ ಕಳೆಯಿತು. ಬ್ರಾಂಚಿನಲ್ಲಿದ್ದಾಗ ಅರ್ಜಿ ನೋಡುತ್ತಿದ್ದೆ. ಬೆಂಗಳೂರಿನ ದೊಡ್ಡ ಕಚೇರಿಗೆ ಹೋದ ಮೇಲೆ ಪ್ರೆಸೆಂಟೇಷನ್ ಕೇಳುವುದೇ ಕೆಲಸವಾಯಿತು. ಕೋಲ್ಡ್ ಸ್ಟೋರೇಜ್ ಕಟ್ಟುವವರು, ಎಣ್ಣೆ ಗಾಣ ಹಾಕುವವರು, ಸೋಲಾರ್ ಪ್ಲಾಂಟಿನವರು, ಸಾಫ್ಟ್‌ವೇರಿನವರು, ಎಲ್ಲರೂ ಬಂದು ಗೋಡೆಯ ಮೇಲೆ ಸ್ಲೈಡ್ ಬಿಟ್ಟು ಮಾತಾಡುವರು. ನಾವು ನಾಲ್ಕೈದು ಜನ ಮೇಜಿನ ಈಚೆ ಕೂತು ಕೇಳುವೆವು. ಹಾಗಾಗಿ ಮಾತಾಡುವವನ ಕಷ್ಟಕ್ಕಿಂತ ಕೇಳುವವನ ಕಷ್ಟ ನನಗೆ ಹೆಚ್ಚು ಗೊತ್ತು.

ಕೇಳುವವನ ಕಷ್ಟ ಯಾವುದು? ಬೆಳಗಿನಿಂದ ಆತ ಇಂಥವೇ ಮೂರ್ನಾಲ್ಕು ಕೇಳಿರುತ್ತಾನೆ. ಮಧ್ಯಾಹ್ನದ ಊಟ ಆಗಿರುತ್ತದೆ. ಸಂಜೆಯೊಳಗೆ ಒಂದು ಪುಟ ಟಿಪ್ಪಣಿ ಬರೆದು ಸಹಿ ಹಾಕಬೇಕು. ಆ ಟಿಪ್ಪಣಿಯಲ್ಲಿ ಇರುವುದು ನಾಲ್ಕೇ ಸಂಗತಿ: ಇವನು ಏನು ಕೇಳುತ್ತಿದ್ದಾನೆ, ಎಷ್ಟು ಕೇಳುತ್ತಿದ್ದಾನೆ, ಹೇಗೆ ವಾಪಸ್ ಕೊಡುತ್ತಾನೆ, ಏನಾದರೂ ಕೆಟ್ಟರೆ ಏನು ದಾರಿ. ನಿಮ್ಮ ಇಂಗ್ಲಿಷಿಗೆ ಅಂಕ ಕೊಡುವ ಕಾಲಂ ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ. ನೀವು ಕಂಪನಿಯ ಒಳಗೇ ನಿಮ್ಮ ಮ್ಯಾನೇಜರ್‌ಗೆ, ಇಲ್ಲವೆ ಹೊರದೇಶದ ಗ್ರಾಹಕನಿಗೆ ಹೇಳುತ್ತಿದ್ದರೂ ಲೆಕ್ಕ ಹೆಚ್ಚೂಕಡಿಮೆ ಇದೇ. ಅವನೂ ಹೊರಗೆ ಹೋಗಿ ಇನ್ನೊಬ್ಬರಿಗೆ ನಿಮ್ಮ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. ಆ ಎರಡು ಮಾತನ್ನು ನೀವೇ ಅವನ ಕೈಗೆ ಕೊಟ್ಟರೆ ನಿಮ್ಮ ಕೆಲಸ ಅರ್ಧ ಮುಗಿಯಿತು.

ಆದರೆ ನಮ್ಮವರು ಅದನ್ನು ಕೊನೆಗೆ ಕೊಡುತ್ತಾರೆ. ಯಾಕೆ ಹೀಗೆ ಅಂತ ನಾನು ಬಹಳ ಯೋಚಿಸಿದ್ದೇನೆ. ನಾವು ಹುಟ್ಟಿದಾಗಿನಿಂದ ನೋಡುವ ಸಭೆಗಳೇ ಹಾಗಲ್ಲವೆ? ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ದೀಪ ಬೆಳಗುವುದು, "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಶುರುವಾಗಿ ಹನ್ನೆರಡು ಜನರ ಹೆಸರು, ಪ್ರಾಸ್ತಾವಿಕ ನುಡಿ, ಹಾರ ತುರಾಯಿ. ಮುಖ್ಯ ಭಾಷಣಕಾರ ಮೈಕಿನ ಮುಂದೆ ಬರುವ ಹೊತ್ತಿಗೆ ಹಿಂದಿನ ಸಾಲು ಬಸ್ಸಿಗೆ ಹೊರಟಿರುತ್ತದೆ. ಆ ಕ್ರಮಕ್ಕೊಂದು ಸೊಗಸಿದೆ, ಹಿರಿಯರಿಗೆ ಮರ್ಯಾದೆಯಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಕ್ರಮವನ್ನು ಇಪ್ಪತ್ತು ನಿಮಿಷದ ವ್ಯವಹಾರದ ಮಾತಿಗೆ ತಂದರೆ ಹದಿನೈದು ನಿಮಿಷ ಪೀಠಿಕೆಗೇ ಹೋಗುತ್ತದೆ. ಇಂಗ್ಲಿಷ್ ತಡವರಿಸುವುದು ಆಮೇಲಿನ ಮಾತು. ಅಷ್ಟರಲ್ಲಿ ಕೇಳುವವನು ಮೊಬೈಲ್ ತೆಗೆದಾಗಿದೆ.

ಭೀಮಸಮುದ್ರದ ಅಡಿಕೆ ಮಂಡಿಗೆ ಹೋದವರು ನೋಡಿರುತ್ತೀರಿ. ಮಾರಲು ಬಂದವನು ತನ್ನ ತೋಟದ ಚರಿತ್ರೆ ಹೇಳುತ್ತಾ ಕೂರುವುದಿಲ್ಲ. ಚೀಲದ ಬಾಯಿ ಬಿಚ್ಚುತ್ತಾನೆ, ಕೊಳ್ಳುವವನು ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರಡಿ ರಾಶಿಯೋ ಬೆಟ್ಟೆಯೋ ಕೆಂಪುಗೋಟೋ ಅಂತ ನೋಡುತ್ತಾನೆ. ಉಳಿದ ಮಾತೆಲ್ಲ ಆ ಹಿಡಿ ಅಡಿಕೆಯ ಸುತ್ತಲೇ. ನಿಮ್ಮ ಮೊದಲ ಸ್ಲೈಡು ಆ ಹಿಡಿ ಅಡಿಕೆಯಾಗಬೇಕು.

ಒಂದು ಉದಾಹರಣೆಯನ್ನು ಬಿಡಿಸಿ ತೋರಿಸುತ್ತೇನೆ. ಹೊಸದುರ್ಗದ ಕಡೆ ನಮ್ಮ ನೆಂಟರ ಹುಡುಗಿಯೊಬ್ಬಳು ನಾಲ್ಕಾರು ದಾಳಿಂಬೆ ಬೆಳೆಗಾರರನ್ನು ಸೇರಿಸಿಕೊಂಡು ಹೊರದೇಶಕ್ಕೆ ಹಣ್ಣು ಕಳಿಸುವ ಕಂಪನಿಯೊಂದರ ಮುಂದೆ ಪ್ರೆಸೆಂಟೇಷನ್ ಕೊಡಬೇಕಿತ್ತು. ನನಗೆ ತೋರಿಸಲು ತಂದಳು. ಮೊದಲ ಸ್ಲೈಡು "ಇಂಟ್ರೊಡಕ್ಷನ್". ಅದರಲ್ಲಿ ಹದಿನಾಲ್ಕು ಸಾಲು. ದಾಳಿಂಬೆ ಪುರಾತನ ಪರ್ಷಿಯಾದ ಹಣ್ಣು ಅನ್ನುವುದು ಒಂದು ಸಾಲು, ಅದರಲ್ಲಿ ಇಂತಿಂಥ ವಿಟಮಿನ್ ಇದೆ ಅನ್ನುವುದು ಇನ್ನೊಂದು. ಎರಡನೇ ಸ್ಲೈಡು ಚಿತ್ರದುರ್ಗ ಜಿಲ್ಲೆಯ ಭೂಪಟ, ಒನಕೆ ಓಬವ್ವನ ಚಿತ್ರದ ಸಮೇತ. ಮೂರನೆಯದು ಬೆಳೆಗಾರರ ಗ್ರೂಪ್ ಫೋಟೊ. ಎಷ್ಟು ಟನ್ ಹಣ್ಣು ಕೊಡುತ್ತೀರಿ ಅನ್ನುವುದು ಹನ್ನೊಂದನೇ ಸ್ಲೈಡಿನಲ್ಲಿತ್ತು!

"ಅಲ್ಲಮ್ಮಾ, ಹಣ್ಣಿನ ವ್ಯಾಪಾರ ಮಾಡೋನಿಗೆ ದಾಳಿಂಬೆ ಅಂದ್ರೇನು ಅಂತ ನೀನು ಹೇಳ್ಕೊಡಬೇಕಾ?" ಅಂದೆ. "ಹಂಗೇ ಶುರು ಮಾಡ್ಬೇಕಲ್ವಾ ಮಾಮಾ, ಡೈರೆಕ್ಟಾಗಿ ಕೇಳಿದ್ರೆ ಏನಂದ್ಕೋತಾರೆ?" ಅಂದಳು.

ಆ ಅಳುಕು ನನಗೆ ಅರ್ಥವಾಗುತ್ತದೆ. ನಮ್ಮ ಮನೆಗಳಲ್ಲಿ ಸಾಲ ಕೇಳಲು ಬಂದವನು ಕೂಡ ಮೊದಲು ಮಳೆ ಬೆಳೆ ವಿಚಾರಿಸಿ, ಕಾಫಿ ಕುಡಿದು, ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ವಿಷಯ ತೆಗೆಯುತ್ತಾನೆ. ಆದರೂ ಆ ದಿನ ನಾವಿಬ್ಬರೂ ಕೂತು ಸ್ಲೈಡುಗಳನ್ನು ತಲೆಕೆಳಗು ಮಾಡಿದೆವು. ಮೊದಲ ಸ್ಲೈಡಿನಲ್ಲಿ ಉಳಿದದ್ದು ಮೂರು ಸಾಲು. ಅವಳು ಬಾಯಲ್ಲಿ ಹೇಳಬೇಕಾದದ್ದೂ ಮೂರೇ ವಾಕ್ಯ: "ವಿ ಕ್ಯಾನ್ ಸಪ್ಲೈ ಫಾರ್ಟಿ ಟನ್ಸ್ ಆಫ್ ಭಗವಾ ಫ್ರಮ್ ಫೆಬ್ರವರಿ ಟು ಏಪ್ರಿಲ್. ಎವ್ರಿ ಲಾಟ್ ಈಸ್ ಲ್ಯಾಬ್ ಟೆಸ್ಟೆಡ್. ವಿ ವಾಂಟ್ ಎ ತ್ರೀ ಇಯರ್ ಕಾಂಟ್ರ್ಯಾಕ್ಟ್." ಭಗವಾ ಅನ್ನುವ ದಾಳಿಂಬೆ ತಳಿಯ ಹೆಸರೊಂದನ್ನು ಬಿಟ್ಟರೆ ಈ ಇಂಗ್ಲಿಷಿನಲ್ಲಿ ಎಂಟನೇ ಕ್ಲಾಸಿನ ಮಗುವಿಗೆ ಬಾರದ ಪದ ಯಾವುದಿದೆ ಹೇಳಿ. ಆದರೆ ಹಣ್ಣಿನ ವ್ಯಾಪಾರಿ ಇಷ್ಟು ಕೇಳಿದ ಕೂಡಲೇ ಪೆನ್ನು ಎತ್ತಿಕೊಳ್ಳುತ್ತಾನೆ.

ಆಮೇಲೆ ಅವನು ಕೇಳುವ ಪ್ರಶ್ನೆಗಳೂ ಗೊತ್ತಿರುವಂಥವೇ. ಯಾಕೆ ಫೆಬ್ರವರಿ? ಹಸ್ತ ಬಹಾರ್ ಅನ್ನುವ ಹಂಗಾಮು ಹಿಡಿದರೆ ಸೆಪ್ಟೆಂಬರ್, ಅಕ್ಟೋಬರ್‌ಗೆ ಹೂವು, ಬೇಸಿಗೆಯ ಹೊತ್ತಿಗೆ ಹಣ್ಣು; ಕಾಯಿ ದಪ್ಪವಾಗುವ ಕಾಲಕ್ಕೆ ಮಳೆ ಇರುವುದಿಲ್ಲ, ಹಾಗಾಗಿ ದುಂಡಾಣು ಅಂಗಮಾರಿಯ ಕಾಟ ಕಡಿಮೆ. ಔಷಧಿಯ ಅಂಶ ಹಣ್ಣಿನಲ್ಲಿ ಉಳಿದಿಲ್ಲ ಅನ್ನುವುದಕ್ಕೆ ಏನು ಪುರಾವೆ? ಯುರೋಪಿಗೆ ಹೋಗುವ ದಾಳಿಂಬೆ ಯಾವ ತೋಟದ್ದು ಅಂತ ಪತ್ತೆ ಹಚ್ಚಲು ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ ಅಪೇಡಾದ ಅನಾರ್‌ನೆಟ್ ವ್ಯವಸ್ಥೆ ಇದೆ, ಅದರಲ್ಲಿ ತೋಟ ನೋಂದಾಯಿಸಿದ್ದೀರಾ? ಇವೆಲ್ಲ ಆ ಹುಡುಗಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವ ಉತ್ತರಗಳು. ಅಪ್ಪನ ತೋಟದಲ್ಲಿ ಅದೇ ಅಂಗಮಾರಿ ಬಂದು ಗಿಡ ಕಿತ್ತು ಹಾಕಿದ್ದನ್ನು ಕಣ್ಣಾರೆ ಕಂಡವಳು. ಆದರೆ ಅದೇ ಜ್ಞಾನವನ್ನು ಸ್ಲೈಡಿನಲ್ಲಿ ಎಲ್ಲೂ ಹಾಕಿರಲಿಲ್ಲ. ಗೂಗಲ್‌ನಲ್ಲಿ ಸಿಕ್ಕಿದ್ದನ್ನು ಹಾಕಿದ್ದಳು, ತನಗೆ ಗೊತ್ತಿದ್ದದ್ದನ್ನು ಬಿಟ್ಟಿದ್ದಳು. ಈ ರೋಗ ಒಬ್ಬಳದಲ್ಲ. ಜಿಲ್ಲೆಯ ಆರೂ ತಾಲ್ಲೂಕಿನ ಮಕ್ಕಳಲ್ಲಿ ಕಂಡಿದ್ದೇನೆ. ನಮಗೆ ಗೊತ್ತಿರುವುದು ಇಂಗ್ಲಿಷಿನ ಲೋಕಕ್ಕೆ ಸಲ್ಲದು ಅನ್ನುವ ಕೀಳರಿಮೆ ಎಲ್ಲಿಂದಲೋ ಒಳಗೆ ಸೇರಿಕೊಂಡಿದೆ.

ಮುಖ್ಯ ವಿಷಯವನ್ನು ಮೊದಲೇ ಇಡುವಂತೆ, ಒಂದು ಸ್ಪಷ್ಟ ಪ್ರಶ್ನೆಯನ್ನು ಮುಂದಿಟ್ಟು ಹೊರಡುವುದೂ ಎಷ್ಟು ಬಲವಾದದ್ದು ಅನ್ನುವುದಕ್ಕೆ ನಮ್ಮ ಜಿಲ್ಲೆಯದೇ ಒಂದು ಸಾಕ್ಷಿ ಇದೆ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವ್ಹೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ದುರ್ಗದ ಚಂದ್ರವಳ್ಳಿಯಲ್ಲೂ ನೆಲ ಅಗೆಸಿದರು. ಅದಕ್ಕೂ ಮೊದಲೇ ಮೈಸೂರಿನ ಎಂ.ಎಚ್. ಕೃಷ್ಣ ಎರಡೂ ಕಡೆ ಅಗೆದು ದಾರಿ ಮಾಡಿದ್ದರು. ವ್ಹೀಲರ್ ಬಂದದ್ದು ಒಂದೇ ಪ್ರಶ್ನೆ ಹಿಡಿದುಕೊಂಡು: ದಕ್ಷಿಣದ ಕಲ್ಗೋರಿಗಳ ಕಾಲ ಯಾವುದು? ರೋಮನ್ ನಾಣ್ಯ, ಆ ಕಾಲದ ಮಡಕೆ ಚೂರು, ಇವುಗಳ ತಾಳೆ ನೋಡಿ ಕಾಲ ಹೇಳಬಹುದು ಅನ್ನುವುದು ಅವರ ಲೆಕ್ಕ. ಆ ವರದಿ ಇವತ್ತಿಗೂ ಓದಿಸಿಕೊಳ್ಳುತ್ತದೆ. ಅವರು ಹೇಳಿದ ಕಾಲವನ್ನು ಮುಂದಿನವರು ತಿದ್ದಿ ಹಿಂದಕ್ಕೆ ಒಯ್ದರು, ಅದು ಬೇರೆ ವಿಷಯ. ಪ್ರಶ್ನೆ ಸ್ಪಷ್ಟವಾಗಿದ್ದುದರಿಂದಲೇ ತಿದ್ದುವುದೂ ಸಾಧ್ಯವಾಯಿತು.

ಇನ್ನು ಭಾಷೆ. "ಸಾರಿ, ಮೈ ಇಂಗ್ಲಿಷ್ ಈಸ್ ನಾಟ್ ಗುಡ್" ಅಂತ ಶುರು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಾರು ಕೇಳಿದರು ನಿಮ್ಮನ್ನು? ನಿಮ್ಮ ಎದುರು ಕೂತವರು ಅಲ್ಲಿಯವರೆಗೆ ನಿಮ್ಮ ಮಾತು ಕೇಳಲು ತಯಾರಾಗಿದ್ದರು. ನೀವೇ ಅವರ ಕಿವಿಗೆ ತಪ್ಪು ಹುಡುಕುವ ಕೆಲಸ ಹಚ್ಚಿದಿರಿ. ಅದು ವಿನಯವೂ ಅಲ್ಲ. ತಯಾರಿ ಮಾಡದೆ ಬಂದವರೂ ಅದೇ ಮಾತು ಹೇಳಿ ನುಣುಚಿಕೊಳ್ಳುವುದರಿಂದ, ಹಗಲೂ ರಾತ್ರಿ ತಯಾರಿ ಮಾಡಿದ ನೀವೂ ಅವರ ಸಾಲಿಗೆ ಸೇರಿಬಿಡುತ್ತೀರಿ. "ನಾನು ಹಳ್ಳಿಯವನು, ಕನ್ನಡ ಮೀಡಿಯಂ" ಅನ್ನುವುದನ್ನು ಗುರಾಣಿ ಮಾಡಿಕೊಳ್ಳಬೇಡಿ, ಹಾಗೇ ಬಾವುಟವನ್ನೂ ಮಾಡಬೇಡಿ. ಸಾಲ ಕೊಡುವವನಿಗೆ ಎರಡೂ ಬೇಡ.

ಇಂಗ್ಲಿಷು ದುರ್ಗಕ್ಕೆ ಹೊಸದೇನಲ್ಲ. ಹಲುವಾಗಲಿನಲ್ಲಿ 1902ರಲ್ಲಿ ಹುಟ್ಟಿದ ಎಸ್. ನಿಜಲಿಂಗಪ್ಪನವರು ಪುಣೆಯಲ್ಲಿ ಕಾನೂನು ಓದಿ ಬಂದು ಇದೇ ದುರ್ಗದಲ್ಲಿ ವಕೀಲಿ ಮಾಡಿದವರು. ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಆತ್ಮಕಥೆಯನ್ನು ಇಂಗ್ಲಿಷಿನಲ್ಲೇ ಬರೆದರು. ಅದೇ ಮನುಷ್ಯ ಕರ್ನಾಟಕದ ಏಕೀಕರಣಕ್ಕೆ ಓಡಾಡಿ, 1956ರ ನವೆಂಬರ್ 1ರಂದು ಒಂದಾದ ನಾಡಿನ ಮೊದಲ ಮುಖ್ಯಮಂತ್ರಿಯಾದರು. ಕನ್ನಡ ಬೇಕಾದರೆ ಇಂಗ್ಲಿಷ್ ಬಿಡಬೇಕು, ಇಂಗ್ಲಿಷ್ ಬೇಕಾದರೆ ಕನ್ನಡ ಬಿಡಬೇಕು ಅನ್ನುವ ಜಗಳ ಅವರಿಗಿರಲಿಲ್ಲ. ನಿಮಗೂ ಬೇಡ.

ಆಕ್ಸೆಂಟ್ ವಿಷಯಕ್ಕೆ ಬರುತ್ತೇನೆ. ಅದನ್ನು ಬದಲಾಯಿಸಲು ಹೋಗಬೇಡಿ. ಬೆಂಗಳೂರಿನಲ್ಲಿ ದುಡ್ಡು ತೆಗೆದುಕೊಂಡು ಅಮೆರಿಕನ್ ಉಚ್ಚಾರ ಕಲಿಸುವವರು ಸಿಗುತ್ತಾರೆ. ಕಲಿತವರು ಎರಡು ನಿಮಿಷ ಅಮೆರಿಕದಲ್ಲಿದ್ದು ಮೂರನೇ ನಿಮಿಷಕ್ಕೆ ಐಮಂಗಲ ಟೋಲ್‌ಗೇಟಿಗೆ ವಾಪಸ್ ಬಂದಿರುತ್ತಾರೆ. ಕೇಳುವವನಿಗೆ ಅದು ಇನ್ನೂ ಹಿಂಸೆ. ಆದರೆ ಮೂರು ನಾಲ್ಕು ಕಡೆ ನಮ್ಮ ನಾಲಿಗೆಯ ಅಭ್ಯಾಸ ಅರ್ಥಕ್ಕೇ ಅಡ್ಡ ಬರುತ್ತದೆ, ಅಷ್ಟನ್ನು ತಿದ್ದಿಕೊಳ್ಳಿ. ನಮ್ಮ ಮಾತು ಸ್ವರದಲ್ಲಿ ನಿಲ್ಲುವುದರಿಂದ ನಾವು ಇಂಗ್ಲಿಷ್ ಪದದ ಬಾಲಕ್ಕೂ ಒಂದು ಉಕಾರ ಅಂಟಿಸುತ್ತೇವೆ: ಪ್ರಾಫಿಟ್ಟು, ಮಾರ್ಕೆಟ್ಟು, ಟಾರ್ಗೆಟ್ಟು. ನಾವು ಪ್ರತಿ ಅಕ್ಷರಕ್ಕೂ ಸಮನಾದ ತೂಕ ಕೊಡುತ್ತೇವೆ. ಇಂಗ್ಲಿಷಿನವರ ಕಿವಿ ಪದದ ಒಂದೇ ಭಾಗದ ಮೇಲೆ ಒತ್ತು ಹುಡುಕುತ್ತದೆ. ನಿಮ್ಮ ಪ್ರೆಸೆಂಟೇಷನ್ನಿನಲ್ಲಿ ಮತ್ತೆ ಮತ್ತೆ ಬರುವ ಹತ್ತು ಹನ್ನೆರಡು ಪದ ಆರಿಸಿ, ಮೊಬೈಲಿನ ನಿಘಂಟಿನಲ್ಲಿ ಉಚ್ಚಾರ ಕೇಳಿ, ಅಷ್ಟನ್ನು ಸರಿ ಮಾಡಿಕೊಳ್ಳಿ. ಉಳಿದದ್ದು ನಿಮ್ಮ ಊರಿನ ಇಂಗ್ಲಿಷೇ ಇರಲಿ. ಇನ್ನೊಂದು, "ವಿ ಆರ್ ಹ್ಯಾವಿಂಗ್" ಅನ್ನುವುದನ್ನು "ವಿ ಹ್ಯಾವ್" ಅಂತ ಮಾಡಿದರೆ ಅರ್ಧ ವ್ಯಾಕರಣ ನೇರವಾಗುತ್ತದೆ.

ನಿಜವಾದ ಅಪಾಯ ಇರುವುದು ಅಂಕಿಗಳಲ್ಲಿ. ಇದರ ಬಗ್ಗೆ ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲೂ ಹೇಳಿಕೊಟ್ಟದ್ದು ನಾನು ಕಂಡಿಲ್ಲ. ಫಿಫ್ಟೀನ್ ಮತ್ತು ಫಿಫ್ಟಿ, ಫೋರ್ಟೀನ್ ಮತ್ತು ಫಾರ್ಟಿ. ನಮ್ಮ ಬಾಯಲ್ಲಿ ಇವೆರಡೂ ಒಂದೇ ಥರ ಬರುತ್ತವೆ. ಆನ್‌ಲೈನ್ ಮೀಟಿಂಗಿನ ಕೊರಕಲು ದನಿಯಲ್ಲಂತೂ ಕೇಳುವುದೇ ಬೇಡ. ಶೇಕಡಾ ಹದಿನೈದು ಲಾಭ ಅಂದದ್ದು ಐವತ್ತು ಅಂತ ಕೇಳಿಸಿ, ಕಮಿಟಿಯವರು ಇವನ್ಯಾರೋ ಸುಳ್ಳುಗಾರ ಅಂದುಕೊಂಡದ್ದನ್ನು ನಾನೇ ಕೂತು ನೋಡಿದ್ದೇನೆ. ಆ ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು. ಅಂಥ ಕಡೆ "ಫಿಫ್ಟೀನ್, ಒನ್ ಫೈವ್" ಅಂತ ಬಿಡಿಸಿ ಹೇಳಿ, ಸ್ಲೈಡಿನಲ್ಲೂ ದಪ್ಪಗೆ ಬರೆಯಿರಿ.

ಲಕ್ಷ, ಕೋಟಿ ನಮ್ಮ ಉಪಖಂಡದ ಗಡಿ ದಾಟುವುದಿಲ್ಲ. ಹತ್ತು ಲಕ್ಷ ಒಂದು ಮಿಲಿಯನ್, ಒಂದು ಕೋಟಿ ಹತ್ತು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್. ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ, ಮೀಟಿಂಗಿನಲ್ಲಿ ಬೆರಳು ಎಣಿಸುವ ಸ್ಥಿತಿ ಬರಬಾರದು. ಅಲ್ಪವಿರಾಮ ಹಾಕುವ ಜಾಗವೂ ಬೇರೆ. ಎಕರೆ ಅಂದರೆ ಯುರೋಪಿನವನಿಗೆ ಅಂದಾಜು ಸಿಗುವುದಿಲ್ಲ. ಎರಡೂವರೆ ಎಕರೆಗೆ ಒಂದು ಹೆಕ್ಟೇರ್ ಅಂತ ಹಿಡಿಯಿರಿ. ಕ್ವಿಂಟಾಲ್ ದರವನ್ನು ಟನ್ನಿಗೆ ಹೇಳಬೇಕಾದರೆ ಹತ್ತರಿಂದ ಗುಣಿಸಿ. ಅಮೆರಿಕದವರಿಗೆ 3/4 ಅಂದರೆ ಮಾರ್ಚ್ 4, ನಮಗೆ ಏಪ್ರಿಲ್ 3. ಆದ್ದರಿಂದ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ಹಿರಿಯೂರಿನ ಹುಡುಗರಿಗೆ ಒಂದು ಮನೆಪಾಠ. ವಾಣಿವಿಲಾಸ ಸಾಗರದ ಬಗ್ಗೆ ಹೊರಗಿನವರಿಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಹೇಳಿ ನೋಡೋಣ. "ಥರ್ಟಿ ಟಿಎಂಸಿ ಕೆಪ್ಯಾಸಿಟಿ" ಅನ್ನುತ್ತೀರಿ. ನಮ್ಮ ಕಡೆಯ ನಾಲ್ಕಾರು ರಾಜ್ಯ ಬಿಟ್ಟರೆ ಟಿಎಂಸಿ ಅಂದರೇನು ಅಂತ ತಿಳಿದವರು ವಿರಳ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 28 ಮಿಲಿಯನ್ ಘನ ಮೀಟರ್. ಮೂವತ್ತು ಟಿಎಂಸಿ ಸುಮಾರು 850 ಮಿಲಿಯನ್. ಅದೂ ಬರೀ ಅಂಕಿ, ಕಣ್ಣಿಗೆ ಕಟ್ಟುವುದಿಲ್ಲ. 1907ರಲ್ಲಿ ಮುಗಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷ ಬಿಟ್ಟು ಅಂತ ಹೇಳಿ. ನಮ್ಮ ಸೀಮೆಯ ಮಳೆ ಎಂಥದ್ದು, ಇಲ್ಲಿ ಹನಿ ನೀರಾವರಿಗೆ ಯಾಕೆ ಸಾಲ ಬೇಕು ಅನ್ನುವುದು ಆ ಒಂದು ವಾಕ್ಯದಲ್ಲಿ ಎದುರಿನವನಿಗೆ ಹೊಳೆಯುತ್ತದೆ. ದೊಡ್ಡ ಅಂಕಿಯೊಂದನ್ನು ಹೇಳುವಾಗ ಪಕ್ಕದಲ್ಲಿ ಹೀಗೆ ಒಂದು ಆಸರೆ ಇಡಬೇಕು.

ಅಭ್ಯಾಸ ಹೇಗೆ ಮಾಡಬೇಕು ಅಂತ ಕೇಳುವವರಿಗೆ ನಾನು ಸಾಣೇಹಳ್ಳಿಯ ದಾರಿ ತೋರಿಸುತ್ತೇನೆ. ಹೊಸದುರ್ಗ ತಾಲ್ಲೂಕಿನ ಆ ಹಳ್ಳಿಯಲ್ಲಿ 1997ರಿಂದ ಶಿವಸಂಚಾರ ರಂಗತಂಡದ ನಟರು ತಾಲೀಮು ಮಾಡಿ ನಾಡೆಲ್ಲ ಸುತ್ತಿ ನಾಟಕ ಆಡುತ್ತಾರೆ. ಪ್ರತಿವರ್ಷ ನವೆಂಬರ್ ಆಸುಪಾಸಿನ ನಾಟಕೋತ್ಸವಕ್ಕೆ ಹೋಗಿ, ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು, ಕಥೆ ಮರೆತು ನಟರನ್ನಷ್ಟೇ ಗಮನಿಸಿ. ಮುಖ್ಯವಾದ ಮಾತಿಗೆ ಮುಂಚೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ ನೋಡಿ. ಮಾತಾಡುವಾಗ ನಡೆಯುತ್ತಾರಾ, ನಿಂತು ಮಾತಾಡಿ ಆಮೇಲೆ ನಡೆಯುತ್ತಾರಾ ನೋಡಿ. ಅವರು ಬಾಯಿಪಾಠವನ್ನು ಕೂತು ಓದಿ ಮುಗಿಸಿದವರಲ್ಲ. ನಿಂತು, ಜೋರಾಗಿ, ದಿನಗಟ್ಟಲೆ ಆಡಿ ಆಡಿ ನಾಲಿಗೆಗೆ ಹತ್ತಿಸಿಕೊಂಡವರು.

ನಮ್ಮ ಹುಡುಗರು ಮಾಡುವುದು ಬೇರೆ. ರಾತ್ರಿ ಹನ್ನೆರಡರವರೆಗೆ ಸ್ಲೈಡಿನ ಬಣ್ಣ ಬದಲಾಯಿಸಿ, ಮನಸ್ಸಿನಲ್ಲೇ ಒಮ್ಮೆ ಓದಿಕೊಂಡು ಮಲಗುತ್ತಾರೆ. ಮನಸ್ಸಿನಲ್ಲಿ ಎಲ್ಲರ ಇಂಗ್ಲಿಷೂ ಚೆಂದ. ಬಾಯಿ ತೆರೆದಾಗಲೇ ಎಲ್ಲಿ ಮುಗ್ಗರಿಸುತ್ತೇವೆ ಅಂತ ಗೊತ್ತಾಗುವುದು. ಮನೆಯ ತಾರಸಿ ಹತ್ತಿ, ಇಲ್ಲ ಜೋಗಿಮಟ್ಟಿಯ ದಾರಿಯಲ್ಲಿ ಬೆಳಗಿನ ವಾಕಿಂಗ್ ಹೋಗುವಾಗ, ದನಿಯೆತ್ತಿ ಹೇಳಿ. ಯಾರಾದರೂ ತಿರುಗಿ ನೋಡಿದರೆ ನೋಡಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಕೇಳುವುದು ಶಿಕ್ಷೆಯೇ, ಕೇಳಿ. ಹತ್ತು ನಿಮಿಷದ ಮಾತಿಗೆ ಸಾವಿರದ ಇನ್ನೂರು ಪದಕ್ಕಿಂತ ಹೆಚ್ಚು ಬೇಡ; ನಮ್ಮವರು ಭಯಕ್ಕೆ ಓಡುತ್ತಾರೆ, ಓಡಿದಾಗಲೇ ಉಚ್ಚಾರ ಕಲಸಿಹೋಗುವುದು. ಮೊದಲ ಒಂದು ನಿಮಿಷ, ಕೊನೆಯ ಒಂದು ನಿಮಿಷ ಅಕ್ಷರಶಃ ಬಾಯಿಪಾಠ ಇರಲಿ. ನಡುವಿನದನ್ನು ಬಾಯಿಪಾಠ ಮಾಡಬೇಡಿ, ಒಂದು ಪದ ಜಾರಿದರೆ ಇಡೀ ಸರಪಳಿ ಕಳಚುತ್ತದೆ. ಸ್ಲೈಡಿನ ಕಡೆ ತಿರುಗಿ ಗೋಡೆಗೆ ಓದಿ ಹೇಳಬೇಡಿ. ಓದಲು ಅವರಿಗೂ ಬರುತ್ತದೆ.

ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಒಂದು ಮಾತು. ಮೆಲ್ಲಗೆ ಮಾತಾಡು, ನಗು ಹೊರಗೆ ಕೇಳಿಸಬಾರದು ಅಂತ ಹೇಳಿ ಹೇಳಿ ನಿಮ್ಮ ದನಿಯನ್ನು ನಾವೇ ಹಿರಿಯರು ಅಡಗಿಸಿದ್ದೇವೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ನಿಮ್ಮ ದನಿ ಬತ್ತುತ್ತದೆ, ಮುಖ್ಯ ಪದ ಅಲ್ಲೇ ಇರುತ್ತದೆ. ಮೈಕಿದ್ದರೂ ಇಲ್ಲದಿದ್ದರೂ ಕೊನೆಯ ಕುರ್ಚಿಯವನಿಗೆ ಹೇಳುತ್ತಿದ್ದೇನೆ ಅಂದುಕೊಂಡು ಹೇಳಿ.

ಈಗ ಎಐ ಬಂದಿದೆ. ಕನ್ನಡದಲ್ಲಿ ನಾಲ್ಕು ಸಾಲು ಹಾಕಿದರೆ ಇಂಗ್ಲಿಷಿನಲ್ಲಿ ಎರಡು ಪುಟ ಬರುತ್ತದೆ. ತಪ್ಪು ತಿದ್ದಿಸಲು ಬಳಸಿ, ನನ್ನ ಅಭ್ಯಂತರವಿಲ್ಲ. ನಮ್ಮ ಕಾಲದಲ್ಲಿ ಇದ್ದಿದ್ದರೆ ನಾನೂ ಬಳಸುತ್ತಿದ್ದೆ. ಆದರೆ ಅದು ಕೊಡುವ ಸಿನರ್ಜಿ, ಲೆವರೇಜ್, ಇಕೋಸಿಸ್ಟಮ್‌ಗಳನ್ನು ಹಾಗೇ ಸ್ಲೈಡಿಗೆ ಅಂಟಿಸಬೇಡಿ. ಪ್ರಶ್ನೆ ಕೇಳುವವನು ಸರಿಯಾಗಿ ಅಂಥ ಪದವನ್ನೇ ಹಿಡಿದು "ವಾಟ್ ಡು ಯು ಮೀನ್ ಬೈ ದಿಸ್?" ಅನ್ನುತ್ತಾನೆ. ನೀವೇ ಕನ್ನಡದಲ್ಲಿ ವಿವರಿಸಲಾಗದ ಯಾವ ಇಂಗ್ಲಿಷ್ ವಾಕ್ಯವೂ ನಿಮ್ಮ ಸ್ಲೈಡಿನಲ್ಲಿ ಇರಬಾರದು.

ಮಾತು ಮುಗಿಸಿ ಥ್ಯಾಂಕ್ಯೂ ಹೇಳಿದ ಕೂಡಲೇ ಗೆದ್ದೆ ಅಂದುಕೊಳ್ಳುತ್ತೀರಲ್ಲ, ಅಸಲಿ ಪರೀಕ್ಷೆ ಆಗ ಶುರು. ಕಮಿಟಿಯಲ್ಲಿ ಕೂತ ನಾವು ನಿರ್ಧಾರ ಮಾಡುತ್ತಿದ್ದದ್ದು ಹೆಚ್ಚಾಗಿ ಪ್ರಶ್ನೋತ್ತರದಲ್ಲೇ. ಅಲ್ಲಿ ನಮ್ಮವರು ಸೋಲುವುದು ಇಂಗ್ಲಿಷ್ ಬಾರದ್ದಕ್ಕಲ್ಲ, ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳದೆ ಉತ್ತರಕ್ಕೆ ಹಾರುವುದರಿಂದ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. "ಕುಡ್ ಯು ಪ್ಲೀಸ್ ಸೇ ದಟ್ ಅಗೇನ್?" ಅನ್ನುವುದರಲ್ಲಿ ಯಾವ ಅವಮಾನವೂ ಇಲ್ಲ. ಇನ್ನೂ ಅರ್ಥವಾಗದಿದ್ದರೆ ನಿಮಗೆ ಅರ್ಥವಾದಷ್ಟನ್ನು ನಿಮ್ಮ ಮಾತಿನಲ್ಲಿ ಹೇಳಿ, ಇದೇ ತಾನೆ ನಿಮ್ಮ ಪ್ರಶ್ನೆ ಅಂತ ಖಚಿತ ಮಾಡಿಕೊಳ್ಳಿ. ಅದಕ್ಕೆ ಹಿಡಿಯುವ ಅರ್ಧ ನಿಮಿಷದಲ್ಲಿ ತಲೆಯಲ್ಲಿ ಉತ್ತರವೂ ಜೋಡಣೆಯಾಗುತ್ತದೆ. ಉತ್ತರದಲ್ಲಿ ಮೊದಲು ಹೌದೋ ಇಲ್ಲವೋ ಅಷ್ಟು, ಕಾರಣ ಆಮೇಲೆ.

ತಲೆಯಾಡಿಸುವುದರ ಬಗ್ಗೆ ಎಚ್ಚರ. ನಾವು ಒಪ್ಪಿದಾಗ ತಲೆಯನ್ನು ಅಡ್ಡಡ್ಡ ತೂಗುತ್ತೇವಲ್ಲ, ಹೊರದೇಶದವರಿಗೆ ಅದು ಇಲ್ಲ ಅಂದಂತೆ ಕಾಣುತ್ತದೆ. ದೊಡ್ಡವರ ಮುಂದೆ ಎದುರು ಮಾತಾಡಬಾರದು ಅಂತ ಸುಮ್ಮನಿದ್ದರೆ ನೀವು ಒಪ್ಪಿದಿರಿ ಅಂತ ಅವರು ಬರೆದುಕೊಳ್ಳುತ್ತಾರೆ. ಆಮೇಲೆ ಡೆಡ್‌ಲೈನ್ ಬಂದಾಗ ಅಳುವವರು ನೀವು. ಆಗುವುದಿಲ್ಲ ಅನ್ನುವುದನ್ನು ಮರ್ಯಾದೆಯಿಂದ ಆದರೆ ಬಾಯಿಬಿಟ್ಟು ಹೇಳಿ.

ಇನ್ನೊಂದು ಧೈರ್ಯದ ಮಾತು. ಎದುರಿಗಿರುವವರೆಲ್ಲ ಇಂಗ್ಲಿಷಿನಲ್ಲೇ ಹುಟ್ಟಿದವರು ಅಂದುಕೊಂಡು ಹೆದರಬೇಡಿ. ದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳಲ್ಲಿ ಜರ್ಮನಿಯ ಎನರ್ಕಾನ್ ತಂತ್ರಜ್ಞಾನದವೂ ಇವೆ. ಅಲ್ಲಿಯ ಎಂಜಿನಿಯರಿಗೂ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಭಾಷೆಯೇ. ಜಪಾನಿನವರಿಗೆ, ಕೊರಿಯಾದವರಿಗೆ ಹಾಗೇ. ಚೆನ್ನೈಯವರು, ಪುಣೆಯವರು ಮನೆಯಲ್ಲಿ ಆಡುವುದೂ ಬೇರೆಯೇ. ಇವರೆಲ್ಲರಿಗೂ ಕನ್ನಡಿಗನ ನಿಧಾನವಾದ, ಗಿಡ್ಡ ವಾಕ್ಯದ ಇಂಗ್ಲಿಷು ಲಂಡನ್ನಿನವನ ಇಂಗ್ಲಿಷಿಗಿಂತ ಬೇಗ ಅರ್ಥವಾಗುತ್ತದೆ. ನಾನು ಇಂಥ ಸಭೆಗಳಲ್ಲಿ ಕೂತಿದ್ದೇನೆ. ನುಡಿಗಟ್ಟು ಸುರಿಸಿ ಮಾತಾಡಿದ ಇಂಗ್ಲಿಷ್ ಸಾಹೇಬನ ಜೋಕಿಗೆ ಯಾರೂ ನಗಲಿಲ್ಲ, ಪಾಪ.

ಬಟ್ಟೆ, ಶೂ, ಟೈ ಬಗ್ಗೆ ನನ್ನನ್ನು ಕೇಳಬೇಡಿ. ಇಸ್ತ್ರಿ ಮಾಡಿದ ಅಂಗಿ, ಒಪ್ಪವಾದ ಸೀರೆ ಅಥವಾ ಚೂಡಿದಾರ ಸಾಕು. ಹಿಂದಿನ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಾಗುತ್ತಲೇ ಮೆಜೆಸ್ಟಿಕ್‌ನಲ್ಲಿ ಇಳಿದು ನೇರ ಮೀಟಿಂಗಿಗೆ ಹೋಗುವ ಸಾಹಸ ಮಾತ್ರ ಬೇಡ. ಒಂದು ದಿನ ಮುಂಚೆ ಹೋಗಿ, ಪೆನ್‌ಡ್ರೈವ್ ಜೊತೆ ಸ್ಲೈಡುಗಳ ಪ್ರಿಂಟೂ ಇರಲಿ. ಪ್ರಾಜೆಕ್ಟರ್ ಕೈಕೊಡುವುದು ನಮ್ಮೂರ ಕರೆಂಟಿನಷ್ಟೇ ಗ್ಯಾರಂಟಿ.

ಕೊನೆಯದಾಗಿ, ಗೊತ್ತಿಲ್ಲದ ಪ್ರಶ್ನೆ ಬಂದಾಗ ಕಥೆ ಕಟ್ಟಬೇಡಿ. "ಐ ವಿಲ್ ಚೆಕ್ ಅಂಡ್ ಸೆಂಡ್ ಇಟ್ ಬೈ ಟುಮಾರೋ ಈವನಿಂಗ್" ಅಂತ ಹೇಳಿ, ಅವರ ಎದುರಿಗೇ ಬರೆದುಕೊಳ್ಳಿ. ಮರುದಿನ ಸಂಜೆಯೊಳಗೆ ಕಳಿಸಿ. ಆ ಮೇಲ್ ನಾಲ್ಕು ಸಾಲಿರಲಿ: ನೀವು ಕೇಳಿದ್ದು ಇದು, ಉತ್ತರ ಇದು, ದಾಖಲೆ ಜೊತೆಗಿದೆ, ನಮ್ಮ ಬೇಡಿಕೆ ಇದು. ಇಂಗ್ಲಿಷಿನಲ್ಲಿ ಒಂದೆರಡು ತಪ್ಪಿದ್ದರೂ ಚಿಂತೆಯಿಲ್ಲ. ಬ್ಯಾಂಕಿನಲ್ಲಿ ನಾನು ಕಂಡ ಅರ್ಜಿಗಳಲ್ಲಿ ಪ್ರೆಸೆಂಟೇಷನ್ ಚೆನ್ನಾಗಿದ್ದೂ ನಿಂತುಹೋದವು ಬೇಕಾದಷ್ಟು. ಕೇಳಿದ ಕಾಗದ ಬರದ ಫೈಲನ್ನು ಯಾರೂ ಮುಂದಿನ ಮೇಜಿಗೆ ಕಳಿಸುವುದಿಲ್ಲ.